ಲೋಕಮ್ ಕೆಲಸ: ಸಿಗುವುದು ಬೇಗ, ಶುರುವಾಗುವುದು ನಿಧಾನ

ಅಮೆರಿಕದ ಸೌತ್ ಡಕೋಟಾ ರಾಜ್ಯದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಈ ಚಳಿಗಾಲ ಲೋಕಮ್ ಡಾಕ್ಟರಾಗಿ ಕೆಲಸ ಮಾಡಿ ಈಗಷ್ಟೇ ಶಿಕಾಗೋಗೆ ವಾಪಸ್ ಬಂದಿದ್ದೇನೆ. ಕಾಯಂ ಡಾಕ್ಟರ್ ಸಿಗದ ಕಡೆ, ಇಲ್ಲವೇ ಇದ್ದವರು ರಜೆಯಲ್ಲಿರುವ ಕಡೆ, ಏಜೆನ್ಸಿ ಮೂಲಕ ಒಂದಷ್ಟು ವಾರ ಹೋಗಿ ದುಡಿದು ಬರುವ ಕೆಲಸ ಇದು. ಅಮೆರಿಕದಲ್ಲಿರುವ ನಮ್ಮ ಕಡೆಯ ಡಾಕ್ಟರುಗಳು, ಅದರಲ್ಲೂ ಗ್ರೀನ್ ಕಾರ್ಡ್ ಹೊಸದಾಗಿ ಕೈಗೆ ಬಂದವರು, ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ದುಡ್ಡು ಎಷ್ಟು ಬರುತ್ತೆ? ಮಕ್ಕಳನ್ನು ಬಿಟ್ಟು ಹೋಗೋಕೆ ಆಗುತ್ತಾ? ಇನ್ಶೂರೆನ್ಸ್ ಯಾರದ್ದು? ಫೋನಿನಲ್ಲಿ ಅರ್ಧಂಬರ್ಧ ಹೇಳಿ ಸಾಕಾಗಿದೆ. ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏಜೆನ್ಸಿಯವರು ಒಂದೇ ದಿನದಲ್ಲಿ ಕೆಲಸ ಹುಡುಕಿ ಕೊಡುತ್ತಾರೆ. ಆ ಕೆಲಸಕ್ಕೆ ಹೋಗಿ ಮೊದಲ ರೋಗಿಯ ಕೈ ಹಿಡಿದು ನಾಡಿ ನೋಡುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಆ ನಡುವಿನ ಕಾಲಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ವೀಸಾ ವಿಷಯದಲ್ಲೇ ಅರ್ಧ ಜನ ನಿಲ್ಲಬೇಕಾಗುತ್ತದೆ. ಸಾಮಾನ್ಯವಾಗಿ ಲೋಕಮ್ ಡಾಕ್ಟರ್ ಏಜೆನ್ಸಿಯ ನೌಕರ ಅಲ್ಲ, ಸ್ವತಂತ್ರ ಗುತ್ತಿಗೆದಾರ. ವರ್ಷದ ಕೊನೆಗೆ ಬರುವುದು ನೌಕರರಿಗೆ ಕೊಡುವ ಡಬ್ಲ್ಯೂ-2 ತೆರಿಗೆ ಫಾರಂ ಅಲ್ಲ, ಗುತ್ತಿಗೆದಾರರಿಗೆ ಕೊಡುವ 1099. ಎಚ್-1ಬಿ ವೀಸಾ ಒಬ್ಬ ಮಾಲೀಕನಿಗೆ ಅಂಟಿಕೊಂಡ ವೀಸಾ, ಅದರಲ್ಲಿ ಹೀಗೆ ದುಡಿಯುವ ಹಾಗಿಲ್ಲ. ಗ್ರೀನ್ ಕಾರ್ಡ್ ಬೇಕು, ಇಲ್ಲವೇ ಯಾರ ಹತ್ತಿರ ಬೇಕಾದರೂ ದುಡಿಯಬಹುದು ಅನ್ನುವ ಇಎಡಿ ಕಾರ್ಡ್ ಆದರೂ ಬೇಕು. ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿಗೆ ಬಂದು ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಾ ಪಡೆಯುವ ತರಬೇತಿ, ಮಾಡಿದ್ದು ಜೆ-1 ವೀಸಾದಲ್ಲಿ. ಅದು ಮುಗಿದ ಮೇಲೆ ಎರಡು ವರ್ಷ ಊರಿಗೆ ಹೋಗಿರಬೇಕು. ಬೇಡ ಅಂದರೆ ಕಾನ್ರಾಡ್-30 ಯೋಜನೆಯಲ್ಲಿ, ಡಾಕ್ಟರುಗಳ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಒಂದು ರಾಜ್ಯಕ್ಕೆ ವರ್ಷಕ್ಕೆ 30 ಜನ ಮಾತ್ರ. ನಾನು ಹಾಗೆ ದಕ್ಷಿಣ ಇಲಿನಾಯ್‌ನ ಮುಸುಕಿನ ಜೋಳದ ಹೊಲಗಳ ನಡುವೆ ಹೋಗಿ ದುಡಿದವಳು. ಆಮೇಲೆ ಗ್ರೀನ್ ಕಾರ್ಡ್ ಸರದಿ. ಭಾರತದಲ್ಲಿ ಹುಟ್ಟಿದವರಿಗೆ ಆ ಸರದಿ ಎಷ್ಟು ಉದ್ದ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಕಾರ್ಡ್ ಬಂದ ದಿನ ಮನೆಯವರೆಲ್ಲ ಕುಣಿದರು. ನಾನು ಮಾತ್ರ ಸುಮ್ನೆ ಕೂತಿದ್ದೆ. ಇಷ್ಟವಿಲ್ಲದಿದ್ದರೆ ಕೆಲಸ ಬಿಡಬಹುದು ಅನ್ನುವ ಯೋಚನೆಯೇ ಅಭ್ಯಾಸ ತಪ್ಪಿಹೋಗಿತ್ತು.

ಒಂದು ಏಜೆನ್ಸಿಯ ವೆಬ್‌ಸೈಟಿನಲ್ಲಿ ಹೆಸರು, ಸ್ಪೆಷಾಲಿಟಿ, ಫೋನ್ ನಂಬರ್ ತುಂಬಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಸಂಜೆಯೊಳಗೆ ಬೇರೆ ಏಜೆನ್ಸಿಗಳಿಂದಲೂ ಶುರುವಾಯಿತು. ನಂಬರ್ ಅವರಿಗೆ ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು. ರೌಂಡ್ಸ್ ಮಾಡುವಾಗ ಫೋನ್, ಮಗಳ ಪಿಯಾನೋ ಕ್ಲಾಸಿನ ಹೊರಗೆ ನಿಂತಿದ್ದಾಗ ಫೋನ್. ಎಲ್ಲರೂ ನನ್ನ ಮೊದಲ ಹೆಸರು ಹಿಡಿದು, ಹಳೇ ಸ್ನೇಹಿತರ ಹಾಗೆ ಮಾತಾಡುತ್ತಾರೆ. ಈ ಕೆಲಸಕ್ಕೇ ಬೇರೆ ಒಂದು ಗೂಗಲ್ ವಾಯ್ಸ್ ನಂಬರ್ ಮತ್ತು ಒಂದು ಇಮೇಲ್ ಇಟ್ಟುಕೊಳ್ಳಿ. ನಾನು ಎರಡನೆಯ ದಿನ ಮಾಡಿಕೊಂಡೆ.

ಈ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ತಿಳಿದರೆ ಆ ಸ್ನೇಹ ಅರ್ಥವಾಗುತ್ತದೆ. ಆಸ್ಪತ್ರೆ ಏಜೆನ್ಸಿಗೆ ಗಂಟೆಗೆ ಇಷ್ಟು ಅಂತ ಕೊಡುತ್ತದೆ. ಏಜೆನ್ಸಿ ಅದರಲ್ಲಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ನಮಗೆ ಕೊಡುತ್ತದೆ. ಆ ಪಾಲಿನಿಂದಲೇ ಡಾಕ್ಟರ್ ಮೇಲಿನ ಮೊಕದ್ದಮೆ ವಿಮೆ, ಕೆಲವೊಮ್ಮೆ ಪ್ರಯಾಣ, ನಮ್ಮನ್ನು ಹುಡುಕಿ ತರುವ ರಿಕ್ರೂಟರ್ ಕಮಿಷನ್ ಎಲ್ಲ ಹೋಗಬೇಕು. ಆಸ್ಪತ್ರೆ ಎಷ್ಟು ಕೊಡುತ್ತದೆ ಅಂತ ನಮಗೆ ಸಾಮಾನ್ಯವಾಗಿ ಹೇಳುವುದಿಲ್ಲ. ಹಾಗಾಗಿ ಮೊದಲು ಹೇಳಿದ ರೇಟ್ ಕೊನೆಯ ರೇಟ್ ಅಲ್ಲ. ನನಗೆ ಮೊದಲು ಗಂಟೆಗೆ 145 ಡಾಲರ್ ಅಂದರು. ಅದೇ ಊರಿನ ಅದೇ ಕೆಲಸಕ್ಕೆ ಇನ್ನೊಂದು ಏಜೆನ್ಸಿ 160 ಅಂದಿತು. ಹಾಗಂತ ಇಬ್ಬರಿಗೂ ಹೂಂ ಅನ್ನುವ ಹಾಗಿಲ್ಲ. ಒಂದು ಏಜೆನ್ಸಿ ನಿಮ್ಮ ಸಿವಿಯನ್ನು ಒಂದು ಆಸ್ಪತ್ರೆಗೆ ಕಳಿಸಿದರೆ, ಅದಕ್ಕೆ ಇವರು ‘ಪ್ರೆಸೆಂಟ್’ ಮಾಡುವುದು ಅನ್ನುತ್ತಾರೆ, ಆ ಆಸ್ಪತ್ರೆಯ ಮಟ್ಟಿಗೆ ನೀವು ಅವರ ಲೆಕ್ಕ. ಎರಡು ಕಡೆಯಿಂದ ಒಂದೇ ಸಿವಿ ಹೋದರೆ ಆಸ್ಪತ್ರೆಯವರು ಜಗಳ ಯಾಕೆ ಬೇಕು ಅಂತ ಎರಡನ್ನೂ ಪಕ್ಕಕ್ಕೆ ಇಡಬಹುದು. ಅದಕ್ಕೆ ನಾನು ಎಲ್ಲ ರಿಕ್ರೂಟರುಗಳಿಗೂ ಒಂದೇ ಇಮೇಲ್ ಹಾಕಿದೆ: ಆಸ್ಪತ್ರೆಯ ಹೆಸರು ಹೇಳಿ, ನಾನು ಬರಹದಲ್ಲಿ ಒಪ್ಪಿದ ಮೇಲೆ ಮಾತ್ರ ಸಿವಿ ಕಳಿಸಿ. ಹೆಸರು ಹೇಳಲ್ಲ ಅಂದವರನ್ನು ಅಲ್ಲಿಗೇ ಬಿಟ್ಟೆ.

ಲೈಸೆನ್ಸ್. ಇಲ್ಲಿ ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಲೈಸೆನ್ಸ್ ಬೇಕು. ನನ್ನ ಹತ್ತಿರ ಇದ್ದದ್ದು ಇಲಿನಾಯ್‌ದು ಮಾತ್ರ. 2017ರಿಂದ ನಡೆಯುತ್ತಿರುವ ಇಂಟರ್‌ಸ್ಟೇಟ್ ಮೆಡಿಕಲ್ ಲೈಸೆನ್ಷರ್ ಕಾಂಪ್ಯಾಕ್ಟ್ ಅನ್ನುವ ಒಪ್ಪಂದ ಇದೆ. ಸುಮಾರು 40 ರಾಜ್ಯಗಳು ಅದರಲ್ಲಿವೆ. ನಮ್ಮ ಮುಖ್ಯ ರಾಜ್ಯದವರು ಒಮ್ಮೆ ಎಲ್ಲ ಪರಿಶೀಲಿಸಿ ಅರ್ಹತಾ ಪತ್ರ ಕೊಡುತ್ತಾರೆ. ಆ ಪತ್ರದ ಮೇಲೆ ಬೇರೆ ರಾಜ್ಯಗಳ ಲೈಸೆನ್ಸ್ ಬೇಗ ಸಿಗುತ್ತದೆ. ತಜ್ಞತೆಯ ಪರೀಕ್ಷೆ ಪಾಸಾದ ಬೋರ್ಡ್ ಸರ್ಟಿಫಿಕೇಟ್ ಇರಬೇಕು, ಇಲ್ಲಿನ ಲೈಸೆನ್ಸ್ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಪ್ರತಿ ಹಂತವನ್ನೂ ಮೂರು ಪ್ರಯತ್ನದೊಳಗೆ ಪಾಸಾಗಿರಬೇಕು, ಶಿಸ್ತುಕ್ರಮ, ಕ್ರಿಮಿನಲ್ ಕೇಸು ಇರಬಾರದು. ಫೀಸು 700 ಡಾಲರ್. ಅದರ ಮೇಲೆ ಒಂದೊಂದು ರಾಜ್ಯಕ್ಕೂ ಅದರದೇ ಫೀಸು. ಬೆರಳಚ್ಚು ಕೊಟ್ಟು ಬಂದ ಮೇಲೆ ಅರ್ಹತಾ ಪತ್ರಕ್ಕೆ ವಾರಗಟ್ಟಲೆ ಕಾದೆ. ಪತ್ರ ಬಂದ ಮೇಲೆ ವಿಸ್ಕಾನ್ಸಿನ್, ಸೌತ್ ಡಕೋಟಾ ಎರಡೂ ನಿಜಕ್ಕೂ ಬೇಗ ಬಂದವು. ಏಜೆನ್ಸಿಯವರು ಲೈಸೆನ್ಸ್ ಫೀಸು ನಾವೇ ಕೊಡ್ತೇವೆ ಅನ್ನುತ್ತಾರೆ. ಹೌದು, ಕೊಡುತ್ತಾರೆ. ಆದರೆ ಅವರ ಮೂಲಕ ಕೆಲಸಕ್ಕೆ ಹೋದರೆ ಮಾತ್ರ. ಈ ಷರತ್ತು ಅವರ ಕಾಗದದಲ್ಲಿ ಚಿಕ್ಕ ಅಕ್ಷರದಲ್ಲಿ ಇರುತ್ತದೆ.

ಡಿಇಎ, ಅಂದರೆ ಮಾದಕವಸ್ತು ನಿಯಂತ್ರಿಸುವ ಕೇಂದ್ರ ಇಲಾಖೆಯ, ನೋಂದಣಿ ಇನ್ನೊಂದು. ಮಾರ್ಫೀನಿನಂಥ ಔಷಧ ಬರೆಯಲು ಬೇಕಾದದ್ದು. ಮೂರು ವರ್ಷಕ್ಕೆ 888 ಡಾಲರ್. ಇದೂ ರಾಜ್ಯಕ್ಕೊಂದು ಬೇಕು. ಆದರೆ ಆಸ್ಪತ್ರೆಯೊಳಗೆ ಮಾತ್ರ ಕೆಲಸ ಮಾಡುವವರು ಆ ಆಸ್ಪತ್ರೆಯ ನೋಂದಣಿ ಮೇಲೆಯೇ ಬರೆಯುವ ಅವಕಾಶ ಇದೆ. ಕೇಳಿ ನೋಡಿ, 888 ಉಳಿಯಬಹುದು. ನನಗೆ ಉಳಿಯಿತು.

ಇನ್ನು ಕಾಗದಗಳ ಕಥೆ. ಆಸ್ಪತ್ರೆಗೆ ನಾವು ಕೊಡುವ ಜೆರಾಕ್ಸ್ ಮೇಲೆ ನಂಬಿಕೆ ಇಲ್ಲ. ಓದಿದ ಕಾಲೇಜು, ರೆಸಿಡೆನ್ಸಿ, ಹಿಂದೆ ಕೆಲಸ ಮಾಡಿದ ಪ್ರತಿ ಜಾಗ, ಎಲ್ಲ ಕಡೆಗೂ ಅವರೇ ನೇರವಾಗಿ ಬರೆದು ಉತ್ತರ ತರಿಸಿಕೊಳ್ಳುತ್ತಾರೆ. ಇದಕ್ಕೆ ಕ್ರೆಡೆನ್ಷಿಯಲಿಂಗ್ ಅನ್ನುವುದು. ಕಾಲೇಜಿನ ವಿಷಯ ಸುಲಭವಾಗಿ ಮುಗಿಯಿತು. ವಿದೇಶದಲ್ಲಿ ಓದಿದ ಡಾಕ್ಟರುಗಳ ಅರ್ಹತೆ ನೋಡುವ ಸಂಸ್ಥೆ ಇಸಿಎಫ್‌ಎಂಜಿ ಮೊದಲೇ ನಮ್ಮ ಎಂಬಿಬಿಎಸ್ ಅನ್ನು ಮೂಲದಿಂದ ಪರಿಶೀಲಿಸಿರುತ್ತದೆ, ಅವರ ವರದಿಯನ್ನು ಒಪ್ಪಿಕೊಂಡರು. ಸಿಕ್ಕಿಬಿದ್ದದ್ದು ಎರಡು ಕಡೆ.

ಒಂದು, ಹೆಸರು. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್, ಆಮೇಲೆ ಹೆಸರು. ಎಂಬಿಬಿಎಸ್ ಪದವಿ ಪತ್ರ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಎರಡರಲ್ಲೂ ಹಾಗೇ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಬೇಕಾಯಿತು. ಊರಿನ ಹೆಸರು ನಡುವೆ ಬಂತು, ಅಪ್ಪನ ಹೆಸರು ಕೊನೆಗೆ ಬಂತು. ಮದುವೆ ಆದ ಮೇಲೆ ಗಂಡನ ಹೆಸರು ಬಂತು. ಇಲ್ಲಿನ ಲೈಸೆನ್ಸ್ ಅದರ ಮೇಲೆ. ಈಗ ಕ್ರೆಡೆನ್ಷಿಯಲಿಂಗ್ ಮಾಡುವ ಹುಡುಗಿ ಫೋನ್ ಮಾಡಿ ಕೇಳುತ್ತಾಳೆ, ಡಾಕ್ಟರ್, ಈ ಮೂರು ಜನರಲ್ಲಿ ನೀವು ಯಾರು? ನಕ್ಕೆ. ಅವಳು ನಗಲಿಲ್ಲ. ಮೂರೂ ಹೆಸರು ಒಬ್ಬಳದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಜೊತೆಗೆ ಮದುವೆ ಪ್ರಮಾಣಪತ್ರ ಇಟ್ಟು ಕಳಿಸಿದೆ. ಇನಿಷಿಯಲ್ ಇರುವ ಕನ್ನಡದವರೆಲ್ಲ ಈ ಅಫಿಡವಿಟ್ ಮೊದಲೇ ಮಾಡಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಬೇಕಾಗುವುದು ಖಂಡಿತ.

ಎರಡು, ಖಾಲಿ ತಿಂಗಳುಗಳು. ಸಿವಿಯಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಗ್ಯಾಪ್ ಇದ್ದರೆ ಬರಹದಲ್ಲಿ ಕಾರಣ ಕೊಡಿ ಅಂದರು. ಹೆರಿಗೆ ರಜೆಗೂ ಕಾರಣ ಬರೆದೆ. ಹೌಸ್ ಸರ್ಜನ್ಸಿ ಮುಗಿದು ಅಮೆರಿಕಕ್ಕೆ ಬರುವ ನಡುವೆ ನಾನು ಮಂಡ್ಯದ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೆ. ಹಗಲು ಪರೀಕ್ಷೆಗೆ ಓದುವುದು, ರಾತ್ರಿ ಡ್ಯೂಟಿ. ಆ ನರ್ಸಿಂಗ್ ಹೋಮ್ ಮುಚ್ಚಿ ಎಷ್ಟೋ ಕಾಲವಾಗಿದೆ. ನಡೆಸುತ್ತಿದ್ದ ಡಾಕ್ಟರ್ ತೀರಿಕೊಂಡಿದ್ದಾರೆ. ಕಟ್ಟಡದ ಕೆಳಗೆ ಈಗ ಮೊಬೈಲ್ ಅಂಗಡಿ ಇದೆಯಂತೆ. ‘ಅವರ ಎಚ್‌ಆರ್ ಇಮೇಲ್ ಕೊಡಿ’ ಅಂತ ಇವರು ಪಟ್ಟು ಹಿಡಿದರು. ಅಲ್ಲಿ ಎಚ್‌ಆರ್ ಅಂದರೆ ಕಾಂಪೌಂಡರ್ ಒಬ್ಬರೇ, ಅವರು ಸಂಬಳ ಕವರಿನಲ್ಲಿ ಹಾಕಿ ಕೊಡುತ್ತಿದ್ದರು. ಕೊನೆಗೆ ಆಗ ನನ್ನ ಜೊತೆ ಡ್ಯೂಟಿ ಮಾಡುತ್ತಿದ್ದ ಗೆಳತಿ ದಾವಣಗೆರೆಯಿಂದ ಲೆಟರ್‌ಹೆಡ್ ಮೇಲೆ ಪತ್ರ ಬರೆದು ಕಳಿಸಿದಳು. ಸಂಸ್ಥೆ ಮುಚ್ಚಿದೆ ಅಂತ ನಾನು ಒಂದು ಹೇಳಿಕೆ ಸಹಿ ಮಾಡಿ ಕೊಟ್ಟೆ. ಒಪ್ಪಿದರು. ನರ್ಸಿಂಗ್ ಹೋಮಿನ ಆ ಡಾಕ್ಟರನ್ನು ಇಷ್ಟು ವರ್ಷವಾದ ಮೇಲೆ ನೆನಪಿಸಿಕೊಳ್ಳಲು ಸೌತ್ ಡಕೋಟಾದ ಒಂದು ಫಾರಂ ಬೇಕಾಯಿತಲ್ಲ ಅಂತ ಅನ್ನಿಸಿತು. ಎಲೆಕ್ಟ್ರೊಲೈಟ್ ಲೆಕ್ಕ ಹಾಕುವುದನ್ನು ಪುಸ್ತಕ ಮುಚ್ಚಿಸಿ ಕಲಿಸಿದವರು ಅವರು.

ಲಸಿಕೆ ದಾಖಲೆಗಳು: ದಡಾರ, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ. ನಮ್ಮ ಬಾಲ್ಯದ ಕಾರ್ಡ್ ಯಾರ ಹತ್ತಿರ ಇರುತ್ತದೆ? ರಕ್ತದಲ್ಲಿ ಆಂಟಿಬಾಡಿ ಪರೀಕ್ಷೆ ಮಾಡಿಸಿದರೆ ಆಯಿತು. ಕ್ಷಯದ ಪರೀಕ್ಷೆಗೆ ಚರ್ಮದ ಮೇಲೆ ಚುಚ್ಚುವುದು ಬೇಡ ಅನ್ನಿ. ನಾವು ಬಿಸಿಜಿ ಹಾಕಿಸಿಕೊಂಡವರು, ಅದು ಸುಳ್ಳು ಪಾಸಿಟಿವ್ ತೋರಿಸಬಹುದು, ಆಮೇಲೆ ಎಕ್ಸ್-ರೇ, ಪತ್ರ, ವಿವರಣೆ. ಕ್ವಾಂಟಿಫೆರಾನ್ ರಕ್ತ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಎನ್-95 ಮಾಸ್ಕ್ ಫಿಟ್ ಟೆಸ್ಟ್, ಹೃದಯ ನಿಂತಾಗಿನ ತುರ್ತು ಚಿಕಿತ್ಸೆ ತರಬೇತಿಯ ಎಸಿಎಲ್ಎಸ್ ಕಾರ್ಡ್ ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ. ಮೂವರು ಸಹೋದ್ಯೋಗಿಗಳ ರೆಫರೆನ್ಸ್ ಬೇಕು. ಅವರು ಫಾರಂ ತುಂಬುವುದನ್ನು ಮರೆಯುತ್ತಾರೆ, ನಾವು ನಾಚಿಕೆ ಬಿಟ್ಟು ವಾಟ್ಸಾಪ್ ಮಾಡುತ್ತಿರಬೇಕು.

ಇಷ್ಟೆಲ್ಲ ಓಡಾಡಿದ್ದು ಮೊದಲು ವಿಸ್ಕಾನ್ಸಿನ್‌ನ ಒಂದು ಆಸ್ಪತ್ರೆಗೆ. ಮನೆಯಿಂದ ಕಾರಿನಲ್ಲೇ ಹೋಗಿಬರುವಷ್ಟು ಹತ್ತಿರ. ಕಾಗದ ಹೆಚ್ಚುಕಡಿಮೆ ಮುಗಿದಿತ್ತು. ಒಂದು ಮಂಗಳವಾರ ರಿಕ್ರೂಟರ್ ಫೋನ್: ಆ ಆಸ್ಪತ್ರೆಗೆ ಕಾಯಂ ಡಾಕ್ಟರ್ ಸಿಕ್ಕಿದ್ದಾರೆ, ನಮ್ಮ ಅಗತ್ಯ ಇಲ್ಲವಂತೆ. ಅಷ್ಟೇ. ಅವಳ ದನಿಯಲ್ಲಿ ಬೇಸರ ಇತ್ತು, ನಿಜವಾದ ಬೇಸರವೇ. ಅವಳ ಕಮಿಷನ್ನೂ ಹೋಯಿತಲ್ಲ. ಮೂವತ್ತು ದಿನದ ನೋಟಿಸ್ ಕೊಡದೆ ರದ್ದು ಮಾಡಿದರೆ ಆ ದಿನಗಳ ಹಣ ಕೊಡಬೇಕು ಅಂತ ಒಪ್ಪಂದದಲ್ಲಿ ಇದೆ. ಆದರೆ ಆ ಷರತ್ತು ಜಾರಿಗೆ ಬರುವುದು ಕೆಲಸದ ದಿನ, ದರ ಎಲ್ಲ ಬರೆದ ಕನ್ಫರ್ಮೇಶನ್ ಲೆಟರ್‌ಗೆ ಎಲ್ಲರ ಸಹಿ ಬಿದ್ದ ಮೇಲೆ. ಕ್ರೆಡೆನ್ಷಿಯಲಿಂಗ್ ನಡೆಯುತ್ತಿದೆ ಅನ್ನುವ ಹಂತದಲ್ಲಿ ಯಾರಿಗೂ ಯಾರ ಹಂಗೂ ಇಲ್ಲ. ಅಂದು ರಾತ್ರಿ ಅಡುಗೆ ಮಾಡಲು ಮನಸ್ಸಾಗಲಿಲ್ಲ. ಗಂಡ ಏನೂ ಮಾತಾಡದೆ ಉಪ್ಪಿಟ್ಟು ಕೆದಕಿದ.

ಈ ಕಾಯುವ ತಿಂಗಳುಗಳಲ್ಲಿ ನಮ್ಮ ಮನೆ ನಡೆದದ್ದು ಎರಡು ಕಾರಣಕ್ಕೆ. ಹಳೆಯ ಆಸ್ಪತ್ರೆಯಲ್ಲಿ ಕಾಯಂ ಕೆಲಸ ಬಿಟ್ಟರೂ ಪಿಆರ್‌ಎನ್ ಆಗಿ, ಅಂದರೆ ಬೇಕಾದಾಗ ಕರೆಯುವ ಲೆಕ್ಕದಲ್ಲಿ, ಹೆಸರು ಉಳಿಸಿಕೊಂಡಿದ್ದೆ. ತಿಂಗಳಿಗೆ ಕೆಲವು ಶಿಫ್ಟ್ ಸಿಗುತ್ತಿತ್ತು. ಇನ್ನೊಂದು, ಆರೋಗ್ಯ ವಿಮೆ ಗಂಡನ ಕಂಪನಿಯದು. ಅದಿಲ್ಲದಿದ್ದರೆ ಕೋಬ್ರಾ ಅಂತ ಒಂದಿದೆ. ಕೆಲಸ ಬಿಟ್ಟ ಮೇಲೆ ಸಾಮಾನ್ಯವಾಗಿ 18 ತಿಂಗಳು ಹಳೆಯ ವಿಮೆಯನ್ನೇ ಇಟ್ಟುಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಮ್ಮದೇ, 102 ಪರ್ಸೆಂಟ್ ತನಕ. ಕುಟುಂಬಕ್ಕೆ ಆ ಮೊತ್ತ ನೋಡಿದರೆ ಎದೆ ಧಸಕ್ಕನ್ನುತ್ತದೆ. ಕೆಲಸ ಬಿಡುವ ಮುಂಚೆ ಇನ್ನೊಂದು ಕೇಳಿ: ಹಳೆಯ ಕೆಲಸದ ಮೊಕದ್ದಮೆ ವಿಮೆಗೆ ‘ಟೇಲ್’ ಯಾರು ಕಟ್ಟುತ್ತಾರೆ? ನೀವು ಬಿಟ್ಟ ಮೇಲೆ ಯಾರಾದರೂ ಹಳೆಯ ರೋಗಿ ಕೇಸ್ ಹಾಕಿದರೆ ಕಾಯುವುದು ಅದೇ. ಅದರ ಬೆಲೆ ಒಂದು ವರ್ಷದ ಪ್ರೀಮಿಯಂಗಿಂತ ಜಾಸ್ತಿ ಆಗಬಹುದು. ಲೋಕಮ್ ಕಾಲದ ವಿಮೆ ಏಜೆನ್ಸಿಯದು. ಅಲ್ಲೂ ಟೇಲ್ ಸೇರಿದೆಯಾ ಅಂತ ಬರಹದಲ್ಲಿ ಕೇಳಿ ತರಿಸಿಕೊಳ್ಳಿ.

ಆಮೇಲೆ ಬಂದದ್ದು ಸೌತ್ ಡಕೋಟಾ. ಬೇರೆ ಏಜೆನ್ಸಿ. ಕಾಗದವೆಲ್ಲ ಸಿದ್ಧ ಇದ್ದುದರಿಂದ ಈ ಸಲ ಬೇಗ ಆಯಿತು. ಆಸ್ಪತ್ರೆಯ ಸಮಿತಿ ತಿಂಗಳಿಗೊಮ್ಮೆ ಕೂರುತ್ತದೆ, ಅದಕ್ಕೆ ಕಾಯದೆ ತಾತ್ಕಾಲಿಕ ಪ್ರಿವಿಲೇಜ್, ಅಂದರೆ ಅಲ್ಲಿ ರೋಗಿಗಳನ್ನು ನೋಡುವ ಅನುಮತಿ, ಕೊಟ್ಟರು. ಅದು ಗರಿಷ್ಠ 120 ದಿನ. ಕನ್ಫರ್ಮೇಶನ್ ಲೆಟರ್ ಓದಲು ಒಂದು ಸಂಜೆ ಪೂರ್ತಿ ಕೂತೆ. ಬೆಳಗ್ಗೆ 7ರಿಂದ ಸಂಜೆ 7 ಗಂಟೆ ಲೆಕ್ಕ, ರಾತ್ರಿ ಆನ್-ಕಾಲ್‌ಗೆ ಒಂದು ನಿಗದಿ ಮೊತ್ತ, ರಾತ್ರಿ ಆಸ್ಪತ್ರೆಗೆ ಕರೆಸಿಕೊಂಡರೆ ಮತ್ತೆ ಗಂಟೆ ಲೆಕ್ಕ. ಹಬ್ಬದ ದಿನ ಒಂದೂವರೆ ಪಟ್ಟು. ವಿಮಾನ, ಬಾಡಿಗೆ ಕಾರು, ಹೋಟೆಲ್ ಅವರದು. ‘ಮುಂದಿನ ಡಾಕ್ಟರ್ ಬಾರದಿದ್ದರೆ ಏನು’ ಅನ್ನುವುದಕ್ಕೆ ಉತ್ತರ ಇರಲಿಲ್ಲ. ಕೇಳಿದೆ. ಹಾಗೆಲ್ಲ ಆಗಲ್ಲ ಡಾಕ್ಟರ್ ಅಂದರು. ಡಕೋಟಾದ ಜನವರಿಯಲ್ಲಿ ಆಗುತ್ತೆ ಅಂದೆ. ಹೆಚ್ಚಿನ ಸಮಯಕ್ಕೂ ಅದೇ ಗಂಟೆ ದರ ಅಂತ ಒಂದು ಸಾಲು ಸೇರಿಸಿದರು. ಆ ಸಾಲಿನ ಕಥೆ ಮುಂದೆ ಬರುತ್ತದೆ.

ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಿಂದ ಸೌತ್ ಡಕೋಟಾದ ದೊಡ್ಡ ಊರು ಸೂ ಫಾಲ್ಸ್‌ಗೆ ಸಣ್ಣ ವಿಮಾನ. ಅಲ್ಲಿಂದ ಐ-29 ಹೆದ್ದಾರಿಯಲ್ಲಿ ಉತ್ತರಕ್ಕೆ. ರಸ್ತೆ ನೇರ, ಎರಡೂ ಕಡೆ ಬಿಳಿ, ಅಲ್ಲಲ್ಲಿ ಧಾನ್ಯದ ಎತ್ತರದ ಉಗ್ರಾಣಗಳು. ಗಾಳಿ ಕಾರನ್ನು ಪಕ್ಕಕ್ಕೆ ತಳ್ಳುತ್ತದೆ. ಹೋಟೆಲಿನಲ್ಲಿ ಮೈಕ್ರೋವೇವ್ ಇದೆಯೇ ಅಂತ ಮೊದಲೇ ಕೇಳಿದ್ದೆ. ಸೂಟ್‌ಕೇಸಿನಲ್ಲಿ ಎಂಟಿಆರ್ ಪುಳಿಯೋಗರೆ ಮಿಕ್ಸ್, ಅವಲಕ್ಕಿ, ಚಟ್ನಿಪುಡಿ, ಒಂದು ಪುಟ್ಟ ರೈಸ್ ಕುಕ್ಕರ್. ಸಸ್ಯಾಹಾರಿಗಳೇ, ಆ ಊರುಗಳಲ್ಲಿ ರಾತ್ರಿ ಎಂಟಾದ ಮೇಲೆ ಸಿಗುವುದು ಪೆಟ್ರೋಲ್ ಬಂಕಿನ ಚೀಸ್ ಪಿಜ್ಜಾ ಒಂದೇ.

ಆಸ್ಪತ್ರೆ ಕ್ರಿಟಿಕಲ್ ಆಕ್ಸೆಸ್ ಅನ್ನುವ ವರ್ಗದ್ದು. ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆಯ ನಿಯಮದ ಪ್ರಕಾರ ಇಂಥ ಕಡೆ 25ಕ್ಕಿಂತ ಹೆಚ್ಚು ಹಾಸಿಗೆ ಇರುವ ಹಾಗಿಲ್ಲ, ರೋಗಿಗಳು ಸರಾಸರಿ 96 ಗಂಟೆಯೊಳಗೆ ಮನೆಗೋ ದೊಡ್ಡ ಆಸ್ಪತ್ರೆಗೋ ಹೋಗಬೇಕು, ತುರ್ತು ವಿಭಾಗ ದಿನವಿಡೀ ತೆರೆದಿರಬೇಕು. ಮೊದಲ ದಿನ ಕಂಪ್ಯೂಟರ್ ಲಾಗಿನ್ ಕೆಲಸ ಮಾಡಲಿಲ್ಲ. ಎಲ್ಲ ಲೋಕಮ್ ಡಾಕ್ಟರುಗಳೂ ಹೇಳುವ ಕಥೆಯೇ, ಆದರೂ ಬೆವರು ಬಂತು. ಮಧ್ಯಾಹ್ನದವರೆಗೆ ಕಾಗದದ ಮೇಲೆ ಆರ್ಡರ್ ಬರೆದೆ. ವಾರ ಮುಂಚೆಯೇ ಐಟಿಯವರಿಗೆ ಫೋನ್ ಮಾಡಿ ಪರೀಕ್ಷಿಸಿಕೊಳ್ಳಿ, ಔಷಧ ಬರೆಯುವ ಅನುಮತಿ ಸೇರಿದೆಯಾ ಅಂತ ಬೇರೆಯಾಗಿ ಕೇಳಿ.

ಅಲ್ಲಿನ ನರ್ಸುಗಳು ಹೊಸ ಹೊಸ ಡಾಕ್ಟರುಗಳನ್ನು ನೋಡಿ ಪಳಗಿದವರು. ಮೊದಲ ದಿನ ಅಳೆಯುತ್ತಾರೆ. ಎರಡನೆಯ ದಿನ ಚಾರ್ಜ್ ನರ್ಸ್ ಒಂದು ಹಾಳೆ ಕೈಗೆ ಕೊಟ್ಟರು: ರಕ್ತ ಎಷ್ಟು ಯೂನಿಟ್ ಇರುತ್ತದೆ, ಸಿಟಿ ಸ್ಕ್ಯಾನ್ ತಂತ್ರಜ್ಞೆ ಮನೆಯಿಂದ ಬರಲು ಎಷ್ಟು ಹೊತ್ತು, ಯಾವ ಔಷಧ ಇಲ್ಲಿ ಸಿಗಲ್ಲ. ಆಸ್ಪತ್ರೆಯ ಓರಿಯೆಂಟೇಶನ್ ವಿಡಿಯೋಗಳಲ್ಲಿ ಇಲ್ಲದ್ದೆಲ್ಲ ಆ ಹಾಳೆಯಲ್ಲಿತ್ತು. ನೀವು ಎಲ್ಲಿಗೆ ಹೋದರೂ ಈ ಪ್ರಶ್ನೆಗಳನ್ನು ಮೊದಲ ಗಂಟೆಯಲ್ಲೇ ಕೇಳಿ.

ಜನವರಿಯ ಒಂದು ಪಾಳಿ ಮುಗಿಯಬೇಕಿದ್ದ ದಿನ ಹಿಮಗಾಳಿ ಬಂತು. ಹೆದ್ದಾರಿಯ ಗೇಟುಗಳನ್ನು ಹಾಕಿಬಿಟ್ಟರು. ಅಲ್ಲಿ ಇಂಟರ್‌ಸ್ಟೇಟ್ ರಸ್ತೆಗೂ ರೈಲ್ವೆ ಕ್ರಾಸಿಂಗ್ ತರಹ ಗೇಟು ಇದೆ. ನನ್ನ ಜಾಗಕ್ಕೆ ಬರಬೇಕಿದ್ದ ಡಾಕ್ಟರ್ ಡೆನ್ವರ್‌ನಲ್ಲಿ ಸಿಕ್ಕಿಬಿದ್ದರು. ಅದೇ ಸಂಜೆ ಎಪ್ಪತ್ತು ದಾಟಿದ ಒಬ್ಬ ರೈತರನ್ನು ಕರೆತಂದರು. ನ್ಯುಮೋನಿಯಾ, ಬಿಪಿ ಕುಸಿಯುತ್ತಿದೆ, ಮಾತು ತೊದಲುತ್ತಿದೆ. ಶಿಕಾಗೋದಲ್ಲಾದರೆ ಐಸಿಯುಗೆ ಒಂದು ಫೋನ್. ಇಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ, ಆಂಬುಲೆನ್ಸ್ ಹೊರಡುವುದಿಲ್ಲ. ಗೋಡೆಯ ಮೇಲಿನ ಕ್ಯಾಮರಾದ ಗುಂಡಿ ಒತ್ತಿದರೆ ದೂರದ ನಗರದಿಂದ ಐಸಿಯು ತಜ್ಞೆ ಪರದೆಯಲ್ಲಿ ಬರುತ್ತಾರೆ. ಅವರು ಮಾನಿಟರ್ ನೋಡುತ್ತಾ ಹೇಳುತ್ತಾರೆ, ಕೈ ಮಾತ್ರ ನನ್ನದು. ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳದೊಳಗೆ ಇಳಿಸುವ ನಳಿಕೆ, ಹಾಕಿ ಎಷ್ಟೋ ದಿನವಾಗಿತ್ತು. ಹಾಕಿದೆ. ಬಿಪಿ ಏರಿಸುವ ನೋರೆಪಿನೆಫ್ರಿನ್ ಶುರು ಮಾಡಿದೆವು. ರಾತ್ರಿಯೆಲ್ಲ ಆ ಹಾಸಿಗೆ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವರ ಹೆಂಡತಿ ಥರ್ಮಾಸಿನಿಂದ ನೀರು ನೀರಾದ ಕಾಫಿ ಬಗ್ಗಿಸಿ ಕೊಟ್ಟರು, ಎಲ್ಲಿಯವಳು ಅಂತ ಕೇಳಿದರು. ಮೈಸೂರು ಅಂದೆ. ಅಲ್ಲಿ ಹಿಮ ಬೀಳುತ್ತಾ ಅಂದರು. ಇಲ್ಲ ಅಂದಾಗ, ಹಾಗಾದರೆ ನೀನು ಇಲ್ಲಿಗೆ ಯಾಕೆ ಬಂದೆ ಅಂತ ಬೆರಗಾದರು. ಗಾಳಿ ಸ್ವಲ್ಪ ತಗ್ಗಿದ ಮೇಲೆ ಮುಂದೆ ಹಿಮ ಸರಿಸುವ ಟ್ರಕ್, ಹಿಂದೆ ಆಂಬುಲೆನ್ಸ್, ಹಾಗೆ ಸೂ ಫಾಲ್ಸ್‌ಗೆ ಕಳಿಸಿದೆವು. ಬದುಕಿದರು.

ರಸ್ತೆ ತೆರೆಯುವ ತನಕ ನಾನು ಅಲ್ಲೇ ಇದ್ದೆ, ಎಕ್ಸ್-ರೇ ಕೋಣೆಯ ಪಕ್ಕದ ಸೋಫಾದಲ್ಲಿ ಮಲಗಿ. ಮಗಳ ಶಾಲೆಯ ಕಾರ್ಯಕ್ರಮ ತಪ್ಪಿತು. ಅವಳು ವಿಡಿಯೋ ಕಾಲಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದು ಈ ಇಡೀ ಚಳಿಗಾಲದ ಅತಿ ಕಷ್ಟದ ಗಂಟೆ.

ಟೈಮ್‌ಶೀಟ್ ಪ್ರತಿ ವಾರ ಆಸ್ಪತ್ರೆಯವರ ಸಹಿ ಹಾಕಿಸಿ ಸೋಮವಾರದೊಳಗೆ ಕಳಿಸಬೇಕು. ಕಳಿಸಿದೆ. ಹಣ ಬಂದಾಗ ಹಿಮಗಾಳಿಯ ಗಂಟೆಗಳು ಅದರಲ್ಲಿ ಇರಲಿಲ್ಲ. ಹೆಚ್ಚಿನ ಸಮಯಕ್ಕೆ ಮುಂಗಡ ಅನುಮತಿ ಬೇಕಿತ್ತು ಅಂದರು. ರಾತ್ರಿ ಆಸ್ಪತ್ರೆಯಲ್ಲೇ ಇದ್ದದ್ದು ‘ಕರೆಸಿಕೊಂಡದ್ದು’ ಅಲ್ಲವಂತೆ, ನಾನು ಮನೆಗೆ ಹೋಗಿರಲೇ ಇಲ್ಲವಲ್ಲ! ಈ ತರ್ಕ ಕೇಳಿ ಸಿಟ್ಟಿಗಿಂತ ಮೊದಲು ನಗು ಬಂತು. ಕನ್ಫರ್ಮೇಶನ್ ಲೆಟರ್‌ನ ಆ ಒಂದು ಸಾಲು, ರಸ್ತೆ ಮುಚ್ಚಿದ್ದರ ಸರ್ಕಾರಿ ಪ್ರಕಟಣೆ, ಚಾರ್ಟಿನಲ್ಲಿ ನಾನು ಬರೆದ ನೋಟ್‌ಗಳ ಸಮಯ, ನರ್ಸಿಂಗ್ ಮುಖ್ಯಸ್ಥೆಯ ಇಮೇಲ್, ಎಲ್ಲ ಒಟ್ಟಿಗೆ ಕಳಿಸಿದೆ. ರಿಕ್ರೂಟರ್ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ, ಅವಳ ಕೈಯಲ್ಲಿ ಏನೂ ಇಲ್ಲ. ಲೆಕ್ಕದ ವಿಭಾಗ, ಅವರ ಮೇಲಿನವರು ಯಾರು ಅಂತ ಕೇಳಿ ಅಲ್ಲಿಗೇ ಬರೆಯಿರಿ. ಫೋನ್ ಬೇಡ, ಇಮೇಲ್. ಮುಂದಿನ ತಿಂಗಳು ಪೂರ್ತಿ ಹಣ ಬಂತು, ಕ್ಷಮೆ ಬರಲಿಲ್ಲ.

ಹಣದ ಬಗ್ಗೆ ಕೊನೆಯ ಮಾತು, ಏಕೆಂದರೆ ಎಲ್ಲರೂ ಗಂಟೆಗೆ 160 ಅನ್ನುವುದನ್ನು ಸಂಬಳ ಅಂದುಕೊಳ್ಳುತ್ತಾರೆ. 1099ರಲ್ಲಿ ಯಾರೂ ತೆರಿಗೆ ಹಿಡಿಯುವುದಿಲ್ಲ, ನಾವೇ ಕಟ್ಟಬೇಕು. ಆದಾಯ ತೆರಿಗೆ ಅಲ್ಲದೆ ಸ್ವಂತ ಉದ್ಯೋಗದ ತೆರಿಗೆ 15.3 ಪರ್ಸೆಂಟ್. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿಯ 12.4 ಒಂದು ಮಿತಿಯ ತನಕ ಮಾತ್ರ. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ, ಈ ನಾಲ್ಕು ತಿಂಗಳ 15ರ ಹೊತ್ತಿಗೆ ಅಂದಾಜು ಕಂತು. ಸೌತ್ ಡಕೋಟಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಪಟ್ಟವರನ್ನು ಕಂಡಿದ್ದೇನೆ. ಮನೆ ಇಲಿನಾಯ್‌ನಲ್ಲಿದ್ದರೆ ಅದು 4.95 ಪರ್ಸೆಂಟ್ ಕೇಳಿಯೇ ಕೇಳುತ್ತದೆ, ಎಲ್ಲಿ ದುಡಿದರೂ. ನಾನು ಬಂದದ್ದರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿಯನ್ನು ಬೇರೆ ಖಾತೆಗೆ ಹಾಕಿ ಮುಟ್ಟದೆ ಇಟ್ಟೆ. ರಜೆ ಇಲ್ಲ, ನಿವೃತ್ತಿ ನಿಧಿಗೆ ಮಾಲೀಕನ ಪಾಲು ಇಲ್ಲ. ಸೋಲೋ 401-ಕೆ ಅನ್ನುವ ನಿವೃತ್ತಿ ಖಾತೆ ನೀವೇ ತೆರೆಯಬೇಕು. 1099 ಗೊತ್ತಿರುವ ಅಕೌಂಟೆಂಟ್ ಹುಡುಕಿ, ಫೀಸು ಕೊಡಿ.

ವಸಂತ ಬರುವ ಹೊತ್ತಿಗೆ ಆ ಆಸ್ಪತ್ರೆಯ ಆಡಳಿತಾಧಿಕಾರಿ ಕಾಯಂ ಆಗಿ ಬರುತ್ತೀರಾ ಅಂತ ಕೇಳಿದರು. ಹಾಗೆ ಸೇರಿಸಿಕೊಂಡರೆ ಆಸ್ಪತ್ರೆ ಏಜೆನ್ಸಿಗೆ ಬೈಔಟ್ ಅಂತ ದೊಡ್ಡ ಮೊತ್ತ ಕೊಡಬೇಕು. ನಮ್ಮ ಒಪ್ಪಂದದಲ್ಲಿ ಆ ಷರತ್ತು ಎರಡು ವರ್ಷದ ತನಕ ಇದೆ. ಇಂಥ ಮಾತು ಬಂದರೆ ಏಜೆನ್ಸಿಗೆ ಗೊತ್ತಿಲ್ಲದ ಹಾಗೆ ಮುಂದುವರಿಯಬೇಡಿ, ಸಹಿ ಮಾಡಿರುವುದು ನೀವೂ ಹೌದು. ನನಗೆ ಮಗಳ ಶಾಲೆ ಇದೆ, ಆಗಲ್ಲ ಅಂದೆ. ವರ್ಷಕ್ಕೆ ಒಂದಷ್ಟು ವಾರ ಬರುತ್ತೇನೆ ಅಂದಿದ್ದೇನೆ, ಅಕ್ಟೋಬರ್‌ಗೆ ಹೊಸ ಕನ್ಫರ್ಮೇಶನ್ ಲೆಟರ್ ಬಂದಿದೆ. ಮುಂದಿನ ಡಾಕ್ಟರ್ ಬಾರದಿದ್ದರೆ ಏನು ಅನ್ನುವ ಸಾಲು ಈ ಸಲ ಅವರೇ ಸೇರಿಸಿದ್ದಾರೆ, ‘ಮುಂಗಡ ಅನುಮತಿಯೊಂದಿಗೆ’ ಅನ್ನುವ ಪದಗಳ ಜೊತೆ. ಅದನ್ನು ಹೊಡೆದುಹಾಕಿ ವಾಪಸ್ ಕಳಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.